ತವರಿನ ಕುರಿಗೊಂದು ಟಗರು

ನಮ್ಮ ಕಡೆ ಕುರಿ ಕೊಳ್ಳುವವರು ಅದನ್ನು ಕಣ್ಣಿನಿಂದ ನೋಡುವುದಿಲ್ಲ, ಕೈಯಿಂದ ನೋಡುತ್ತಾರೆ. ಕಣ್ಣಿಗೆ ಕಾಣುವುದು ಬರೀ ಉಣ್ಣೆ. ಬಳ್ಳಾರಿ ಕುರಿಯ ಉಣ್ಣೆಯೆಂದರೆ ಶಾಲು ನೇಯುವಂಥ ಮೆತ್ತನೆಯದಲ್ಲ. ಒರಟು, ಬಿಡಿಬಿಡಿ, ಮುಟ್ಟಿದರೆ ಅಂಗೈಗೆ ಚುಚ್ಚುವಂಥದ್ದು. ಬೆನ್ನು ಪಕ್ಕೆಗಳನ್ನು ಮುಚ್ಚಿಕೊಂಡು ಬಡಕಲು ಕುರಿಯನ್ನೂ ದಪ್ಪ ಮಾಡಿ ತೋರಿಸುತ್ತದೆ. ಆದ್ದರಿಂದ ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ ಬೆರಳು ತೂರಿಸಿ ಒತ್ತಿ ನೋಡಬೇಕು. ಎಲುಬು ಬಾಚಣಿಗೆಯ ಹಲ್ಲಿನ ಹಾಗೆ ಸಿಕ್ಕರೆ ಇನ್ನೂ ಮೇಯಬೇಕು. ಬೆರಳು ಜಾರಿ ದುಂಡಗೆ ಹೊರಳಿದರೆ ಮಾಂಸ ಕೂತಿದೆ. ಇದನ್ನು ನನಗೆ ಕಲಿಸಿದವಳು ಅವ್ವ, ಅವಳಿಗೆ ಕಲಿಸಿದವಳು ಅವಳ ಅತ್ತೆ. ಆ ಇಬ್ಬರ ನಡುವೆ ಕೂತು ಮಾತು ಕಲಿತವಳು ನಾನು. ಮಾತಿನ ಜೊತೆಗೇ ಕುರಿ ನೋಡುವುದನ್ನೂ ಕಲಿತೆ.

ಅಜ್ಜಿ ನಮ್ಮ ಕುರಿಯನ್ನು ವರ್ಣಿಸುವ ರೀತಿ ಮದುವೆಗೆ ಹೆಣ್ಣು ತೋರಿಸುವವರ ಹಾಗಿತ್ತು. ಮೈ ಬಿಳಿ ಇರಬಹುದು, ಕರಿ ಇರಬಹುದು, ಎರಡೂ ಕೂಡಿರಬಹುದು. ಮುಖ ಮಾತ್ರ ಕರಿ ಇದ್ದರೆ ಲಕ್ಷಣ. ಮೂಗು ಗಿಳಿಯ ಕೊಕ್ಕಿನ ಹಾಗೆ ಸ್ವಲ್ಪ ಬಾಗಿರಬೇಕು. ಕಿವಿ ಎಲೆಯ ಹಾಗೆ ಚಪ್ಪಟೆಯಾಗಿ ಇಳಿಬಿದ್ದಿರಬೇಕು. ಬಾಲ ಇದ್ದೂ ಇಲ್ಲದಷ್ಟು ಚಿಕ್ಕದು. ಹೊಟ್ಟೆಗೂ ಕಾಲಿಗೂ ಉಣ್ಣೆ ಇರಬಾರದು, ಇದ್ದರೆ ಮುಳ್ಳು ಹಿಡಿಯುತ್ತದೆ. ಕೋಡು ಗಂಡಿಗೆ, ಅದೂ ಎಲ್ಲ ಗಂಡಿಗಲ್ಲ, ಹೆಣ್ಣು ಬೋಳು. ವರ್ಷಕ್ಕೆ ಒಂದೇ ಮರಿ, ಆದರೆ ಆ ಮರಿಯನ್ನು ಬಿಸಿಲಿಗಾಗಲಿ ನಡಿಗೆಗಾಗಲಿ ಬಿಟ್ಟುಕೊಡದ ತಾಯಿ. ಹುಲ್ಲಿಲ್ಲದ ದಿನ ಬಳ್ಳಾರಿ ಜಾಲಿಯ ಕಾಯಿ ತಿಂದೇ ಬೆನ್ನು ತುಂಬಿಸಿಕೊಳ್ಳುತ್ತದೆ. ಇಷ್ಟು ಹೇಳಿ ಅಜ್ಜಿ, "ತಿನ್ನೋಕೂ ಇದರಷ್ಟು ರುಚಿ ಬೇರೆ ಇಲ್ಲ ನೋಡು" ಎಂದು ಮುಗಿಸುತ್ತಿದ್ದಳು. ಅವಳಿಗೆ ಆ ಎರಡು ಮಾತಿನ ನಡುವೆ ಏನೂ ತೊಡಕು ಕಾಣುತ್ತಿರಲಿಲ್ಲ. ನನಗೂ ಕಾಣುವುದಿಲ್ಲ. ನಾನು ಕುರಿ ಸಾಕಿದವಳು, ಕುರಿ ತಿಂದವಳು.

ನನ್ನ ತವರು ಹರಪನಹಳ್ಳಿಯ ಕಡೆ. ಕೊಟ್ಟೂರಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದೆ. ಆಗ ನಮ್ಮ ಮಂದಿಯಲ್ಲಿ ಮಗಳಿಗೆ ಪಾತ್ರೆ, ಹಾಸಿಗೆಯ ಜೊತೆಗೆ ಒಂದು ಹೆಣ್ಣು ಕುರಿಯನ್ನೂ ಕೊಡುತ್ತಿದ್ದರು. ಅದು ಬಳುವಳಿ ಕುರಿ. ಅದರ ಮರಿ, ಮರಿಯ ಮರಿ ಎಲ್ಲ ಮಗಳದ್ದೇ. ಗಂಡನ ಮನೆಯವರು ಅದನ್ನು ತಮ್ಮ ಹಿಂಡಿನ ಜೊತೆ ಮೇಯಿಸಬಹುದು, ಗೊಬ್ಬರ ಹೊಲಕ್ಕೆ ಹಾಕಿಕೊಳ್ಳಬಹುದು; ಮಾರಬೇಕಾದರೆ ಮಾತ್ರ ಅವಳನ್ನು ಕೇಳಬೇಕು. ನಾನು ಬಂದ ಹೊಸತರಲ್ಲಿ ಆ ಕುರಿ ಹೊಸ ಜಾಗಕ್ಕೆ ಹೊಂದದೆ ಒಂದೇ ಸಮ ಒದರುತ್ತಿತ್ತು. ನಮ್ಮತ್ತೆ ಕಟ್ಟೆಯ ಮೇಲೆ ಕೂತು, "ಏನವ್ವಾ, ನಿನ್ನ ಕುರಿನೂ ನಿನ್ನಂಗ ಹರಪನಹಳ್ಳಿ ಮಾತ ಆಡತೈತಲ್ಲ, ನಮ್ಮ ಕುರಿಗೆ ತಿಳಿಯವಲ್ದು" ಎಂದಳು. ಓಣಿಯವರೆಲ್ಲ ನಕ್ಕರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಕುರಿಗೆ ನೀರು ಕುಡಿಸಲು ಹೊರಗೆ ಬಂದೆ.

ನನ್ನ ಗಂಡ ಆ ಕುರಿಗಳನ್ನು ನನ್ನ ತವರಿನ ಮಂದಿ ಎಂದೇ ಕರೆಯುತ್ತಿದ್ದ. ಸಂಜೆ ಹಿಂಡು ಬಂದರೆ ಬಾಗಿಲಲ್ಲೇ ನಿಂತು, "ಏ, ನಿಮ್ಮೋರು ಬಂದಾರ ನೋಡು, ಉಪಚಾರ ಮಾಡು" ಅನ್ನುತ್ತಿದ್ದ. ಅವನು ಹೋಗಿ ಎಷ್ಟೋ ವರ್ಷವಾಯಿತು. ನಮಗೆ ಮಕ್ಕಳಿಲ್ಲ. ತವರಿನಲ್ಲಿ ಅವ್ವ ಅಪ್ಪ ತೀರಿಕೊಂಡರು, ಅಣ್ಣನೂ ತೀರಿಕೊಂಡ. ಮನೆಯಿದ್ದ ಜಾಗದಲ್ಲಿ ಈಗ ಯಾರದೋ ಸಿಮೆಂಟಿನ ಅಂಗಡಿ ಇದೆ. ಹಾಗಾಗಿ ಗಂಡ ತಮಾಷೆಗೆ ಅಂದದ್ದು ಕಡೆಗೆ ನಿಜವೇ ಆಗಿಹೋಯಿತು. ಆ ಊರಿನಿಂದ ಬಂದವರಲ್ಲಿ ಉಳಿದವರೆಂದರೆ ನಾನು ಮತ್ತು ನನ್ನ ಕುರಿಗಳು.

ಅವೂ ಕಡಿಮೆಯಾಗುತ್ತ ಬಂದವು. ಮೈದುನನ ಮಕ್ಕಳು ಹೊಳೆಯಾಚೆಯಿಂದ ಒಂದು ಕೆಂಗುರಿ ಟಗರು ತಂದಿದ್ದರು. ಮೈ ನುಣುಪು, ಉಣ್ಣೆ ಇಲ್ಲ, ಉದ್ದ ಕಾಲು, ಬೇಗ ತೂಕ ಬರುತ್ತದೆ. ಉಣ್ಣೆ ಇಲ್ಲದ್ದೇ ಈಗ ಒಳ್ಳೆಯದು; ಕಂಬಳಿ ಹೊದೆಯುವವರು ಕಡಿಮೆಯಾದರು, ಕತ್ತರಿಸಿದ ಉಣ್ಣೆಯನ್ನು ಕೊಳ್ಳುವವರಿಲ್ಲದೆ ಬದುವಿಗೆ ಸುರಿಯುವ ಕಾಲ ಬಂತು. ನನ್ನ ಕುರಿಗಳೂ ಅದೇ ಹಿಂಡಿನಲ್ಲಿ ಮೇಯುತ್ತಿದ್ದುದರಿಂದ ನನ್ನ ಮರಿಗಳೂ ಕೆಂಪಗೆ ಹುಟ್ಟಿದವು. ಚೆಂದವೇ ಇದ್ದವು. ಬೇಗ ಬೆಳೆದವು, ಬೇಗ ಹೋದವು. ನಾನೂ ಬೇಡ ಅನ್ನಲಿಲ್ಲ. ಒಂದು ಸಂಜೆ ಮುಳ್ಳುಬೇಲಿಯ ರೊಪ್ಪದಲ್ಲಿ ನೀರು ಇಟ್ಟು ನಿಂತು ನೋಡಿದರೆ ಇಡೀ ಹಿಂಡು ಕೆಂಪು. ಕರಿ ಮುಖದವು ಮೂರೇ. ಒಂದು ಮುದಿ ಕುರಿ, ಮುಂದಿನ ಹಲ್ಲು ಅಲ್ಲಾಡುತ್ತಿತ್ತು. ಇನ್ನೆರಡು ಅದರ ಹೆಣ್ಣುಮಕ್ಕಳು, ಅವೂ ಹಲ್ಲೆಲ್ಲ ಬಂದು ಬಾಯಿಗೂಡಿದವು, ಇನ್ನು ಹೆಚ್ಚು ಸಲ ಈಯುವಂಥವಲ್ಲ. ಈ ಮೂರಾದ ಮೇಲೆ ಅವ್ವ ಕೊಟ್ಟ ಕುರಿಯ ಮುಖ ಯಾವ ಮರಿಯಲ್ಲೂ ಇರುವುದಿಲ್ಲ.

ನನಗೆ ಬೇಕಾದದ್ದು ದೊಡ್ಡದೇನಲ್ಲ: ಅದೇ ಜಾತಿಯ ಒಂದು ಟಗರು, ಈ ಮಳೆಗಾಲದೊಳಗೆ, ಒಂದಾದರೂ ಹೆಣ್ಣು ಮರಿ ಹುಟ್ಟಲಿಕ್ಕೆ.

ಮೂರನ್ನೂ ಹಿಂಡಿನಿಂದ ಬಿಡಿಸಿ ಮನೆಯ ಹಿಂದೆ ಕಟ್ಟಿದೆ. ಕೆಂಪು ಟಗರಿನ ಹತ್ತಿರ ಬಿಡಲಿಲ್ಲ. ಮೇವು ನಾನೇ ತರಬೇಕಾಯಿತು. ಮೈದುನ ಒಂದು ದಿನ ಬಂದು ಕಂಬಕ್ಕೆ ಒರಗಿ ನಿಂತ.

"ಅತ್ತಿಗಿ, ಏನಿದು, ಕುರಿ ಮೈಲಿಗಿ ಆಗ್ಯಾವೇನು, ಹೊರಗ ಕುಂದ್ರಿಸೀಯಲ್ಲ?"

"ಅವಕ್ಕ ಗಂಡು ಹುಡುಕಾಕತ್ತೀನಿ."

"ಮನಿಯಾಗ ಐತಲ್ಲ ಒಂದು, ಗೂಳಿ ಇದ್ದಂಗ."

"ಅದು ನಮ್ಮ ಪೈಕಿ ಅಲ್ಲ."

ಅವನು ನಗಲಿಲ್ಲ, ಬೈಯಲೂ ಇಲ್ಲ. "ಯಾವ ಪೈಕಿ ಆದ್ರೂ ಕಡೀಗೆ ಸಾರಿಗೇ ಬರೋದು ಅತ್ತಿಗಿ" ಎಂದು ಹೇಳಿ ಹೋದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆವತ್ತಿನಿಂದ ಕುರಿಯ ಮಾತನ್ನು ಮನೆಯಲ್ಲಿ ಯಾರ ಜೊತೆಗೂ ಎತ್ತಲಿಲ್ಲ. ಎತ್ತಿದರೆ ಎಲ್ಲರೂ ಕೇಳುತ್ತಿದ್ದರು, ಮುದುಕಿ ಒಂದೇ ಹಾಡು ಹಾಡಿದರೆ ಕೇಳುವ ಹಾಗೆ.

ಉಳಿದವನು ಕುರಿ ವ್ಯಾಪಾರಿ. ಕೊಟ್ಟೂರಿನವನು, ಅವನ ತಂದೆಯ ಕಾಲದಿಂದ ನಮ್ಮ ಓಣಿಗೆ ಬರುವವನು. ನಾನು ಅವನಿಗೆ ಭಾಯಿ ಅನ್ನುತ್ತೇನೆ, ಅವನು ನನಗೆ ಅಕ್ಕ. ಈ ಐದು ತಾಲೂಕಿನಲ್ಲಿ ಯಾರ ರೊಪ್ಪದಲ್ಲಿ ಯಾವ ಕುರಿ ಇದೆ ಎಂಬುದು ಅವನಿಗೆ ಗೊತ್ತಿರುವಷ್ಟು ಆ ರೊಪ್ಪದವರಿಗೂ ಗೊತ್ತಿಲ್ಲ, ಯಾಕೆಂದರೆ ಎಲ್ಲ ಬೆನ್ನುಗಳ ಮೇಲೂ ಅವನ ಕೈ ಆಡಿದೆ. ನನ್ನ ಮಾತು ಕೇಳಿ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಾ ಸಂತಿ ಸಂತಿ ತಿರುಗಾಂವ. ಗಾಡಿಯಾಗ ಮುಂದಿನ ಸೀಟ ಖಾಲಿ ಇರತೈತಿ. ಬಾರಕ್ಕ" ಎಂದ.

ಮೊದಲು ಹೋದದ್ದು ಕೂಡ್ಲಿಗಿ ಕಡೆಯ ಸಂತೆಗೆ. ಕುರಿ ಏನು ಕಡಿಮೆ ಇರಲಿಲ್ಲ, ಕಾಲಿಡಲು ಜಾಗವಿರಲಿಲ್ಲ. ನಮ್ಮ ಜಾತಿಯವೂ ಇದ್ದವು. ಆದರೆ ಎಲ್ಲ ಹಾಲು ಹಲ್ಲಿನ ಗಂಡು ಮರಿಗಳು, ಇಲ್ಲವೆ ಈದು ಈದು ಸೋತ ಹೆಣ್ಣುಗಳು. ಬೆಳೆದ ಟಗರು ಎಂದು ಒಬ್ಬರು ತೋರಿಸಿದ್ದು ಎದೆ ಕಿರಿದು, ಮೊಣಕಾಲು ಒಂದಕ್ಕೊಂದು ತಾಗುತ್ತಿದ್ದವು. ನಾನು ಬೆನ್ನು ಒತ್ತಿ ನೋಡಿ ಕೈ ತೆಗೆದೆ.

ಭಾಯಿ ಚಹಾ ಹಿಡಿದುಕೊಂಡು ಬಂದ. "ಅಕ್ಕ, ನಿನಗ ಬೇಕಾದಂಥ ಟಗರು ಎಲ್ಲೆಲ್ಲಿ ಇದ್ವು ಅಂತ ನಾ ಹೇಳಬಲ್ಲೆ."

"ಎಲ್ಲಿ?"

"ಎಲ್ಲಾ ನನ್ನ ಗಾಡಿಯಾಗ ಹೋದ್ವು." ಚಹಾ ಕೈಗೆ ಕೊಟ್ಟು ಪಕ್ಕದಲ್ಲಿ ಕೂತ. "ನೋಡು, ನಾ ಬಂದು ರೊಪ್ಪದಾಗ ಕೈ ಹಾಕಿದ್ರ ಮೊದಲು ಯಾವ ಮರಿ ಹಿಡೀತೀನಿ? ಎಲ್ಲಕ್ಕಿಂತ ಬೆನ್ನು ತುಂಬಿದ್ದು. ನೀವೂ ಅದನ್ನ ಮೊದಲು ಕೊಡ್ತೀರಿ, ಚಲೋ ರೇಟು ಬರತೈತಿ ಅಂತ. ಆಮ್ಯಾಲೆ ಎರಡನೇದು, ಮೂರನೇದು. ಕಡೀಗೆ ಯಾರಿಗೂ ಬ್ಯಾಡಾದ ಒಂದು ಉಳೀತೈತಲ್ಲ, ಅದು ಟಗರು ಆಗತೈತಿ. ಹಿಂಡಿಗೆಲ್ಲಾ ಅಪ್ಪ ಆಗತೈತಿ."

"ನೀನು ಹೇಳಬೇಕಾಗಿತ್ತಿಲ್ಲ ಮೊದಲಾ?"

"ನಾ ಯಾಕ ಹೇಳ್ಲಿ ಅಕ್ಕ? ಮಾಂಸದ ವ್ಯಾಪಾರ ನಂದು. ಕುರಿ ನಿಮ್ಮವು."

ನಮ್ಮ ಕುರಿ ಮೊದಲಿನ ಹಾಗೆ ಬೆಳೆಯುವುದಿಲ್ಲ, ಜಾತಿಯೇ ಕೆಟ್ಟಿದೆ ಎಂದು ಎಲ್ಲ ಕಡೆ ಮಾತಾಡುತ್ತಿದ್ದರು. ಅದಕ್ಕೇ ತಾನೆ ಹೊರಗಿನ ಟಗರು ತಂದದ್ದು. ಕೆಟ್ಟದ್ದು ಜಾತಿಯಲ್ಲ. ಒಳ್ಳೆಯ ಗಂಡುಮಕ್ಕಳನ್ನೆಲ್ಲ ತಟ್ಟೆಗೆ ಬಡಿಸಿ, ಉಳಿದವನ ಕೈಗೆ ಮನೆ ಕೊಟ್ಟಿದ್ದೆವು, ಊರೂರೂ ಕೂಡಿ, ಯಾರೂ ಬೇಕೆಂದು ಮಾಡದೆ. ಚಹಾ ಆರಿಹೋಗಿತ್ತು. ಕುಡಿದೆ.

ಮುಂದಿನ ವಾರ ಹಗರಿಬೊಮ್ಮನಹಳ್ಳಿಯ ಕಡೆ. ರಸ್ತೆ ಬದಿಯ ಹೊಲದಲ್ಲಿ ಒಂದನ್ನು ಕಂಡು ನಾನೇ ಗಾಡಿ ನಿಲ್ಲಿಸೆಂದೆ. ಕರಿ ಮುಖ, ಬಾಗಿದ ಮೂಗು, ಕಿವಿಯ ಸುತ್ತ ಒಂದು ಸುತ್ತು ಬಂದ ಕೋಡು, ನೆಲಕ್ಕೆ ಒತ್ತಿ ನಿಂತ ಕಾಲು. ಒಡೆಯ ಒಳ್ಳೆಯವನು, ಮುಟ್ಟಿ ನೋಡಲು ಬಿಟ್ಟ. ಬೆನ್ನು ಒತ್ತಿದರೆ ಬೆರಳಿಗೆ ಎಲುಬೇ ಸಿಗಲಿಲ್ಲ. ನಾನು ಆಗಲೇ ಮನಸ್ಸಿನಲ್ಲಿ ಅದನ್ನು ಮನೆಗೆ ಕರೆತಂದು, ನೀರು ಇಟ್ಟು, ಕುರಿಗಳನ್ನು ಬಿಟ್ಟಾಗಿತ್ತು. ಭಾಯಿ ಮಾತಾಡದೆ ಬಗ್ಗಿ ಹಿಂದಿನಿಂದ ಕೈ ಹಾಕಿ ನೋಡಿದ. ಎದ್ದು ನಿಂತು ಕೈ ಒರೆಸಿಕೊಂಡ.

"ಅಕ್ಕ, ವರ ಚಲೋ ಅದಾನ. ಆದ್ರ ಸಾಮಾನು ಇಲ್ಲ."

ಬೆಳೆದ ಮೇಲೆ ಬೀಜ ಒಡೆಸಿದ್ದರಂತೆ, ಮೈ ಬರಲಿ ಎಂದು. ಉಣ್ಣೆಯಿಂದಾಗಿ ನನಗೆ ಕಾಣಲಿಲ್ಲ. ಒಡೆಯ ನನ್ನ ಮುಖ ನೋಡಿ, "ಇರಲಿ ಬಿಡಬೇ, ಅದರ ಮುಖ ನೋಡಿದೋರೆಲ್ಲ ಹಂಗ ಮೋಸ ಹೋಗ್ತಾರ" ಎಂದು ಸಮಾಧಾನ ಮಾಡಿದ. ಗಾಡಿಯಲ್ಲಿ ಭಾಯಿ ಬಹಳ ದೂರ ನಗು ತಡೆದುಕೊಂಡು ಕೂತಿದ್ದ. ನಾನೇ ಮೊದಲು ನಕ್ಕೆ, ಅವನಿಗೆ ಬಿಡುಗಡೆಯಾಯಿತು.

ಹರಪನಹಳ್ಳಿ ಕಡೆ ಸಿಕ್ಕದ್ದು ಕಾಳಗದ ಟಗರು. ನಿಜವಾದ ಗಂಡು. ಕೋಡಿಗೆ ಎಣ್ಣೆ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಹುರುಳಿ, ಮೊಟ್ಟೆ ತಿನ್ನಿಸಿ ಸಾಕಿದ್ದರು. ಒಡೆಯ ಪ್ರಾಯದವನು. ನನ್ನ ಬೇಡಿಕೆ ಕೇಳಿ ಗಾಬರಿಯಿಂದ ಹಗ್ಗ ಎಳೆದುಕೊಂಡ.

"ಬೇಡ ಕಣಮ್ಮ. ಇದು ಬ್ರಹ್ಮಚಾರಿ. ಹೆಣ್ಣು ಕುರಿ ವಾಸನೆ ತಗುಲಿದ್ರೂ ಮುಂಗಾಲಲ್ಲಿ ಬಲ ಹೋಗ್ತದೆ."

"ಅಪ್ಪಾ, ಇದರಂಥದ್ದು ಇನ್ನೊಂದು ಹುಟ್ಟಬೇಡವೇನು?"

"ಹುಟ್ಟೋದು ಹುಟ್ಟಿಕೊಳ್ಳಲಿ, ಇದರಿಂದ ಬೇಡ."

ವಾಪಸು ಬರುವ ದಾರಿಯಲ್ಲೇ ನನ್ನ ತವರಿನ ಊರು. ಭಾಯಿಗೆ ಗೊತ್ತಿತ್ತು, ಕ್ರಾಸಿನಲ್ಲಿ ಗಾಡಿ ನಿಧಾನ ಮಾಡಿದ. "ಇಳೀತೀಯೇನಕ್ಕ? ನಾ ಕಾಯ್ತೀನಿ." ಯಾರಿದ್ದಾರೆಂದು ಇಳಿಯಲಿ? ಬೇಡ ಅಂದೆ. ಆದರೂ ಅವನು ಸ್ವಲ್ಪ ಹೊತ್ತು ನಿಲ್ಲಿಸಿಯೇ ಇದ್ದ, ಟೈರು ನೋಡುವ ನೆವ ಮಾಡಿಕೊಂಡು.

ಅಷ್ಟರಲ್ಲಿ ಮೊದಲ ಮಳೆ ಬಿದ್ದಿತ್ತು. ಕುರಿಗಳು ಬೆದೆಗೆ ಬಂದು ಹಗ್ಗ ಜಗ್ಗುತ್ತಿದ್ದವು. ಕೆಂಪು ಟಗರು ನನ್ನ ಹಿತ್ತಲ ಬೇಲಿಯ ಸುತ್ತ ತಿರುಗುತ್ತಿತ್ತು. ಕೋಲು ಹಿಡಿದು ಕೂತೆ. ಇನ್ನು ತಡವಾದರೆ ಈ ವರ್ಷ ಹೋದ ಹಾಗೆ, ಮುದಿ ಕುರಿಗೆ ಮುಂದಿನ ವರ್ಷ ಇಲ್ಲ. ಭಾಯಿ ಬಂದು, "ಮಾಗಳದಾಗ ಒಬ್ಬ ಮುದುಕ ಅದಾನ. ನನಗ ಯಾವತ್ತೂ ಕುರಿ ಕೊಟ್ಟಿಲ್ಲ. ಅದಕ್ಕಾ ಅವನ ಹತ್ರ ಇರಬೌದು" ಎಂದ.

ಹಡಗಲಿ ದಾಟಿ ಹೊಳೆಯ ದಂಡೆಗೆ ಹೋದೆವು. ಮುದುಕ ಮಣ್ಣಿನ ದಿಬ್ಬದ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ. ಕೆಳಗೆ ಹಿಂಡು. ಬಹಳ ದೊಡ್ಡದಲ್ಲ, ಆದರೆ ಒಂದೂ ಕೆಂಪು ಇರಲಿಲ್ಲ. ಅಷ್ಟು ಕರಿ ಮುಖಗಳನ್ನು ಒಟ್ಟಿಗೆ ನೋಡಿ ಎಷ್ಟೋ ಕಾಲವಾಗಿತ್ತು. ನನ್ನ ಊರಿನವರೆಲ್ಲ ಒಮ್ಮೆಗೇ ಎದುರಾದ ಹಾಗಾಯಿತು.

ಭಾಯಿ ಟಗರಿನ ಕಡೆ ಹೆಜ್ಜೆ ಇಟ್ಟ ಕೂಡಲೇ ಮುದುಕ ಕೋಲು ಅಡ್ಡ ಹಿಡಿದ. "ನೀ ಅಲ್ಲೇ ನಿಂದ್ರು. ನಿನ್ನ ಕೈ ಹತ್ತಿದ ಕುರಿ ಮನಿಯಾಗ ಉಳಿಯಂಗಿಲ್ಲ. ಆ ಯವ್ವ ಬೇಕಾದ್ರ ನೋಡ್ಲಿ."

ನಾನು ನೋಡಿದೆ. ಬೆನ್ನು ನೋಡಿದೆ, ಬಾಯಿ ಬಿಡಿಸಿ ಹಲ್ಲು ನೋಡಿದೆ, ಈ ಸಲ ಬಗ್ಗಿ ನೋಡಬೇಕಾದದ್ದನ್ನೂ ನೋಡಿದೆ. ಅದು ಕದಲಲಿಲ್ಲ. ಕೋಡಿನ ಬುಡದಲ್ಲಿ ಬೆಚ್ಚಗಿತ್ತು.

"ಮಾರ್ತಿಯೇನಜ್ಜ?"

"ಇಲ್ಲ."

"ಹಂಗಾರ ಒಂದು ತಿಂಗಳ ಮಟ್ಟಿಗೆ ಕೊಡು. ನನ್ನಲ್ಲಿ ಮೂರು ಕುರಿ ಅದಾವ, ನಮ್ಮವ್ವ ಬಳುವಳಿ ಕೊಟ್ಟಿದ್ರ ವಂಶದವು. ಇದಾ ಜಾತಿ."

"ಗಾಡಿ ಹತ್ತಿ ಹೋದ ಟಗರು ತಿರುಗಿ ಬಂದದ್ದು ನಾ ನೋಡಿಲ್ಲ." ಅವನು ಭಾಯಿಯ ಕಡೆ ನೋಡಿಯೇ ಹೇಳಿದ. ಭಾಯಿ ಬೇರೆ ಕಡೆ ನೋಡಿದ. ಮುದುಕ ಕೋಲನ್ನು ಪಕ್ಕಕ್ಕಿಟ್ಟು, "ಟಗರು ಬರಂಗಿಲ್ಲ. ಕುರಿ ಬರಲಿ" ಎಂದ.

ಅವನ ಮಾತು ನಮ್ಮ ಕಡೆಯ ಹಳೆಯ ಪಾಲಿನ ಪದ್ಧತಿಯದು. ನನ್ನ ಕುರಿ ಅವನ ಹಿಂಡಿನಲ್ಲಿ ಇರಬೇಕು, ಗಬ್ಬ ಕಟ್ಟಿ ಈದು ಮರಿ ಹುಲ್ಲು ಕಡಿಯುವ ತನಕ. ಗಬ್ಬದ ಕುರಿಯನ್ನು ಗಾಡಿಯಲ್ಲಿ ಕುಲುಕಿಸಿ ಒಯ್ಯುವುದನ್ನು ಅವನು ಒಪ್ಪುವುದಿಲ್ಲ. ಹುಟ್ಟಿದ ಮರಿಗಳಲ್ಲಿ ಅರ್ಧ ಮೇಯಿಸಿದವನಿಗೆ, ಅರ್ಧ ನನಗೆ. ಆರಿಸುವಾಗ ಮೊದಲ ಕೈ ಅವನದು. ಮೂರು ಕುರಿ ಈದು ಒಂದೇ ಹೆಣ್ಣು ಹುಟ್ಟಿದರೆ, ಅದನ್ನು ಅವನು ಆರಿಸಿದರೆ, ನಾನು ಬರೀ ಗಂಡು ಮರಿ ಹಿಡಿದು ಬರಬೇಕು. ಭಾಯಿ ಗಾಡಿಯ ಹತ್ತಿರ ಕರೆದು ಇದನ್ನೇ ಹೇಳಿದ. "ವಿಚಾರ ಮಾಡಕ್ಕ. ಹೆಣ್ಣು ಮರಿ ಯಾರೂ ಬಿಡಂಗಿಲ್ಲ." ನನಗೂ ಗೊತ್ತಿತ್ತು. ಆದರೆ ಮನೆಯಲ್ಲಿ ಇಟ್ಟುಕೊಂಡರೆ ಆ ಒಂದೂ ಹುಟ್ಟುವುದಿಲ್ಲ.

ಎರಡು ದಿನ ಬಿಟ್ಟು ಮೂರನ್ನೂ ಗಾಡಿಯಲ್ಲಿ ಒಯ್ದು ಬಿಟ್ಟೆವು. ಇಳಿಸಿದ ಕೂಡಲೇ ಅವು ಹಿಂಡಿನೊಳಗೆ ಹೋದವು. ಹಿಂತಿರುಗಿ ನೋಡುತ್ತವೆ ಎಂದು ನಾನು ನಿಂತಿದ್ದೆ. ಕುರಿ ಹಿಂತಿರುಗಿ ನೋಡುವ ಪ್ರಾಣಿಯಲ್ಲ.

ಆ ಮಳೆಗಾಲ ನನಗೆ ಬಹಳ ಉದ್ದವಾಯಿತು. ಬೆಳಗ್ಗೆ ಎದ್ದು ಅಭ್ಯಾಸದಿಂದ ಬಕೀಟು ಹಿಡಿದು ಹಿತ್ತಲಿಗೆ ಹೋಗುತ್ತಿದ್ದೆ, ನೀರನ್ನು ಬೇವಿನ ಗಿಡಕ್ಕೆ ಸುರಿದು ಬರುತ್ತಿದ್ದೆ. ಕುರಿ ಇದ್ದಾಗ ನಾನು ಎಷ್ಟು ಮಾತಾಡುತ್ತಿದ್ದೆ ಎಂಬುದು ಅವು ಹೋದ ಮೇಲೆ ತಿಳಿಯಿತು. ಜಾಗ ಬಿಡೇ, ಕಾಲು ತುಳೀಬ್ಯಾಡೇ, ನಿನಗೂ ಬರತೈತಿ ತಡಿ; ದಿನಕ್ಕೆ ಎಷ್ಟೋ ಸಲ ಬಾಯಿಂದ ಬರುತ್ತಿದ್ದ ಮಾತುಗಳು ಅವು. ಈಗ ಅವನ್ನು ಯಾರಿಗೆ ಹೇಳುವುದು? ಮೈದುನನ ಮನೆಯಲ್ಲಿ ಮಂದಿ ತುಂಬಿದ್ದರು, ಊಟಕ್ಕೆ ಕರೆಯುತ್ತಿದ್ದರು, ಹೋಗುತ್ತಿದ್ದೆ. ಅಲ್ಲಿ ಎಲ್ಲರ ಮಾತೂ ಫೋನಿನೊಳಗಿನ ಯಾರ ಜೊತೆಗೋ ನಡೆದಿರುತ್ತಿತ್ತು. ಕೆಲವು ದಿನ ಸಂಜೆಯಾಗುವ ಹೊತ್ತಿಗೆ ನಾನು ಬೆಳಗ್ಗೆಯಿಂದ ಬಾಯೇ ತೆರೆದಿಲ್ಲವೆಂದು ನೆನಪಾಗಿ, ಸುಮ್ಮನೆ ಗಂಟಲು ಸರಿಮಾಡಿಕೊಂಡು ನೋಡುತ್ತಿದ್ದೆ.

ಭಾಯಿ ಮಾಗಳದ ಕಡೆ ಹೋದಾಗ ಫೋನಿನಲ್ಲಿ ಚಿತ್ರ ತೆಗೆದುಕೊಂಡು ಬರುತ್ತಿದ್ದ. ಬರೀ ಹಿಂಭಾಗಗಳ ಚಿತ್ರ. "ಮುದುಕ ಹತ್ರ ಬಿಡವಲ್ಲ, ದೂರದಿಂದ ತಗದೀನಿ" ಅನ್ನುತ್ತಿದ್ದ.

ಚಳಿ ಬಿದ್ದ ಮೇಲೆ ಸುದ್ದಿ ಬಂತು. ಮುದಿ ಕುರಿ ಗಬ್ಬ ಕಟ್ಟಲಿಲ್ಲ. ದೊಡ್ಡ ಮಗಳು ಗಂಡು ಮರಿ ಹಾಕಿದೆ. ಚಿಕ್ಕದು ಹೆಣ್ಣು ಮರಿ ಹಾಕಿದೆ. ಎರಡೇ ಮರಿ, ಒಂದು ಅವನಿಗೆ, ಒಂದು ನನಗೆ, ಮೊದಲ ಕೈ ಅವನದು. ಭಾಯಿ ಇದನ್ನು ಹೇಳಿ ನನ್ನ ಮುಖ ನೋಡಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಮರಿಗಳು ಹುಲ್ಲು ಕಡಿಯತೊಡಗಿದವು. ಪಾಲು ಮಾಡಲು ಹೋದೆವು. ಮುದುಕ ಎರಡನ್ನೂ ಹಿಡಿದು ತಂದು ದಿಬ್ಬದ ಮೇಲೆ ನಿಲ್ಲಿಸಿದ. ಹೆಣ್ಣು ಮರಿಯ ಮುಖ ಕರಿ, ಕೊರಳಿನ ತನಕ ಕರಿ, ಆಮೇಲೆ ಬಿಳಿ. ಅವ್ವ ಕೊಟ್ಟ ಕುರಿಯೂ ಹೀಗೇ ಕೊರಳಿನಲ್ಲಿ ಗೆರೆ ಎಳೆದ ಹಾಗಿತ್ತು. ಗಂಡು ಮರಿ ಒಳ್ಳೆಯ ಮೈಕಟ್ಟಿನದು. ಭಾಯಿಯ ಕೈ ತಾನೇ ತಾನಾಗಿ ಅದರ ಬೆನ್ನಿಗೆ ಹೋಯಿತು.

"ಅಜ್ಜ, ಇದು ಬಂಗಾರದಂಥಾ ಮರಿ. ಇನ್ನೊಂದು ತಿಂಗಳಿಗೆ..."

"ಕೈ ತಗಿ." ಮುದುಕ ಗಂಡು ಮರಿಯನ್ನು ತನ್ನ ಎರಡು ಮೊಣಕಾಲ ನಡುವೆ ಎಳೆದುಕೊಂಡ. "ಇದು ನಂದು."

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಯಿತು. ಭಾಯಿಯೇ ಕೇಳಿದ: "ಹೆಣ್ಣು ಬಿಟ್ಟು ಗಂಡು ತಗೊಂಡ್ಯಾ? ಮಾರಾಂವ ಅಲ್ಲ ನೀನು, ಏನು ಮಾಡ್ತಿ ಗಂಡು?"

"ನನ್ನ ಟಗರಿಗೂ ವಯಸ್ಸಾತು. ಅದರ ಮಕ್ಕಳು, ಮೊಮ್ಮಕ್ಕಳಾ ಎಲ್ಲಾ ಇವು. ಎಲ್ಲಾ ಒಂದಾ ರಕ್ತ. ಇದರ ತಾಯಿ ಹೊರಗಿಂದ ಬಂದಾಕಿ. ನಾನೂ ಸುತ್ತ ಹತ್ತೂರು ಹುಡುಕೀನಿ ಇಂಥದ್ದನ್ನ." ಅವನು ನನ್ನ ಕಡೆ ತಿರುಗಿದ. "ನಿನ್ನ ಕುರಿ ಬರಲಿ ಅಂತ ಸುಮ್ಮ ಅಂದಿದ್ದಿಲ್ಲಬೇ ಯವ್ವ."

ಹೆಣ್ಣು ಮರಿ ನನ್ನದಾಯಿತು. ನಾನು ಅದನ್ನು ಎತ್ತಿಕೊಂಡೆ. ತೂಕವಿತ್ತು, ಒದ್ದಾಡಿತು, ತಾಯಿ ಕೆಳಗಿನಿಂದ ಒದರಿತು. ಭಾಯಿ ಗಾಡಿಯ ಹಿಂಬಾಗಿಲು ತೆರೆದು ಶೇಂಗಾ ಹೊಟ್ಟು ಹರಡಿದ. ನಾಲ್ಕನ್ನೂ ಒಯ್ಯುವುದೆಂದೇ ಬಂದಿದ್ದೆವು.

ಮುದುಕ ತಡೆಯಲಿಲ್ಲ. ಕುರಿಗಳನ್ನು ಹಿಡಿದು ಕೊಡಲು ತಾನೇ ಎದ್ದ. ಕೋಲು ಊರಿಕೊಂಡು, "ಒಯ್ದು ಎಲ್ಲಿ ಕಟ್ಟತಿ?" ಎಂದು ಕೇಳಿದ.

"ಹಿತ್ತಲದಾಗ."

"ಹಿಂಡಿನ ಕೂಡ ಬಿಡಂಗಿಲ್ಲೇನು?"

"ಬಿಟ್ರ ಮತ್ತ ಕೆಂಪು ಟಗರು ಐತಲ್ಲಜ್ಜ."

"ಹೂಂ." ಅವನು ನನ್ನ ಕೈಯಲ್ಲಿದ್ದ ಮರಿಯ ಕಿವಿ ಮುಟ್ಟಿದ. "ಇದು ಇನ್ನೊಂದು ವರ್ಷಕ್ಕ ಬೆದಿಗೆ ಬರತೈತಿ. ಆವಾಗ ಮತ್ತ ಗಾಡಿ ಹತ್ತಿ ಟಗರು ಹುಡುಕ್ತಿ?"

ಬೈಯಲಿಕ್ಕೆಂದು ಕೇಳಿದ್ದಲ್ಲ ಅವನು, ತಿಳಿಯದೆ ಕೇಳಿದ್ದು. ಹಿತ್ತಲಲ್ಲಿ ಹಗ್ಗಕ್ಕೆ ಕಟ್ಟಿ, ಕೋಲು ಹಿಡಿದು ಕಾದು, ಸೊಪ್ಪು ಕೊಯ್ದು ಹಾಕಿ ನಾನು ಎಷ್ಟು ವರ್ಷ ಕಾಯಬಲ್ಲೆ? ಮೊಣಕಾಲು ಆಗಲೇ ಬಗ್ಗುತ್ತಿರಲಿಲ್ಲ. ನನ್ನ ನಂತರ ಅವು ಆ ಕೆಂಪು ಹಿಂಡಿಗೇ ಸೇರುತ್ತವೆ. ಇಲ್ಲಿ ಇದ್ದರೆ ಇದರ ಮಗಳಿಗೂ ಇದೇ ಮುಖ ಇರುತ್ತದೆ, ಅದರ ಮಗಳಿಗೂ. ನಾನು ಹುಡುಕಿದ್ದು ಅದನ್ನೇ. ಅದು ಸಿಕ್ಕಿತ್ತು. ನನ್ನ ಮನೆಯಲ್ಲಿ ಸಿಕ್ಕಿರಲಿಲ್ಲ, ಅಷ್ಟೇ.

ಮರಿಯನ್ನು ಕೆಳಗಿಟ್ಟೆ. ಅದು ಓಡಿ ಹೋಗಿ ತಾಯಿಯ ಕೆಚ್ಚಲಿಗೆ ತಲೆ ಗುದ್ದಿತು.

ಭಾಯಿ ಗಾಡಿಯಲ್ಲಿ ಹರಡಿದ್ದ ಹೊಟ್ಟನ್ನು ಎರಡೂ ಕೈಯಿಂದ ಬಾಚಿ ಒಯ್ದು ಹಿಂಡಿನ ಮುಂದೆ ಸುರಿದ. ಈ ಸಲ ಮುದುಕ ಅವನನ್ನು ತಡೆಯಲಿಲ್ಲ. ಬರುವಾಗ ಇಟ್ಟಿಗಿ ಊರಿನ ಹತ್ತಿರ ಗಾಡಿ ನಿಲ್ಲಿಸಿ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದ. "ತಿನ್ನಕ್ಕ, ಬೆಳಗಿಂದ ಏನೂ ತಿಂದಿಲ್ಲ ನೀ." ನಾನು ತಿಂದೆ. ಖಾರ ಬಹಳ ಇತ್ತು, ಕಣ್ಣಲ್ಲಿ ನೀರು ಬರಲು ಒಂದು ಕಾರಣ ಸಿಕ್ಕಿತು.

ಉಗಾದಿ ಆದ ಮೇಲೆ ಒಬ್ಬಳೇ ಬಸ್ಸು ಹತ್ತಿದೆ. ಕೊಟ್ಟೂರಿನಿಂದ ಹಡಗಲಿ, ಅಲ್ಲಿಂದ ಇನ್ನೊಂದು ಬಸ್ಸು. ಮಾಗಳದಲ್ಲಿ ಇಳಿದು ದಂಡೆಗೆ ನಡೆಯುವ ಹೊತ್ತಿಗೆ ನೆತ್ತಿಯ ಮೇಲೆ ಬಿಸಿಲು. ಮುದುಕ ಜಾಲಿಯ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದ. ರೊಟ್ಟಿ ಮುರಿದು ಅರ್ಧ ನನ್ನ ಕಡೆ ಸರಿಸಿದ.

"ಮುದೇಕಿ ಹೋತು" ಎಂದ. ಮುದಿ ಕುರಿ ಹಿಂದಿನ ವಾರ ಮಲಗಿದ್ದು ಏಳಲಿಲ್ಲವಂತೆ. "ಉಳಿದೋರು ಚಲೋ ಅದಾರ. ನಿನ್ನ ಮರಿ ನೋಡು ಹೋಗು, ಹೆಂಗ ಬೆಳದೈತಿ."

ನಾನು ರೊಟ್ಟಿ ಕೈಯಲ್ಲಿ ಹಿಡಿದೇ ಹೋದೆ. ಬಯಲಲ್ಲಿ ಹಿಂಡು ನಿಂತಿತ್ತು. ಬಿಸಿಲು ಏರಿದಾಗ ನಮ್ಮ ಕುರಿ ನೆರಳು ಹುಡುಕಿ ಓಡುವುದಿಲ್ಲ. ಎಲ್ಲ ಒಂದಕ್ಕೊಂದು ಒತ್ತಿ ನಿಂತು, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ, ಒಂದರ ನೆರಳಿನಲ್ಲಿ ಒಂದು ಮುಖ ಮರೆಸಿಕೊಳ್ಳುತ್ತವೆ. ಹೊರಗೆ ಕಾಣುವುದು ಬೆನ್ನುಗಳು ಮಾತ್ರ. ಬಿಳಿ ಬೆನ್ನು, ಕರಿ ಬೆನ್ನು, ಎರಡೂ ಕೂಡಿದ್ದು. ನಾನು ಸುತ್ತ ಒಂದು ಸುತ್ತು ಬಂದೆ. ಎಲ್ಲಿಯೂ ಒಂದು ಮುಖ ಸಿಗಲಿಲ್ಲ. ಹಿತ್ತಲಲ್ಲಿ ಕರೆಯುತ್ತಿದ್ದ ಹಾಗೆ ಕರೆದೆ. ಯಾವುದೂ ತಲೆ ತೆಗೆಯಲಿಲ್ಲ.

"ಸಿಕ್ತೇನು?" ಮುದುಕ ನೆರಳಿನಿಂದ ಕೂಗಿದ.

"ಅದಾವ ಇಲ್ಲೇ" ಎಂದೆ.

ಬಿಸಿಲು ಇಳಿಯುವ ತನಕ ಅವು ಹಾಗೇ ನಿಂತಿರುತ್ತವೆ. ನನ್ನ ಬಸ್ಸು ಅದಕ್ಕೂ ಮೊದಲೇ ಇತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡು, ಹಿಂಡಿನ ಪಕ್ಕದಲ್ಲಿ, ಇನ್ನು ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು ನಿಂತೆ.